ಕಳೆಯನ್ನೂ ಲೆಕ್ಕಕ್ಕೆ ಹಿಡಿದ ಬುಕನನ್ ಸಾಹೇಬ

ಪರಸ್ಥಳದಲ್ಲಿ ಬೆಳೆಯುವ ನಮ್ಮ ಮಕ್ಕಳಿಗೆ ಹೊಲವೆಂದರೆ ರಜೆಯಲ್ಲಿ ನೋಡುವ ವಸ್ತು. ಬೆಳೆ ಯಾವುದು, ಕಳೆ ಯಾವುದು ಎಂದರೆ ಅವರಿರಲಿ, ಬ್ಯಾಂಕಿನ ಲೆಡ್ಜರಿನಲ್ಲಿ ಮುಳುಗಿದ ನಾನೂ ತಡವರಿಸುತ್ತೇನೆ. ನಮ್ಮ ನಾಡಿನ ಹೊಲಬೀಳುಗಳಲ್ಲಿ ಕಂಡುದನ್ನೆಲ್ಲ ಕೇಳಿ ಕೇಳಿ ಬರೆದಿಟ್ಟವನು ಒಬ್ಬ ಪರದೇಶಿ.

ಫ್ರಾನ್ಸಿಸ್ ಬುಕನನ್ 1762ರಲ್ಲಿ ಸ್ಕಾಟ್ಲೆಂಡಿನಲ್ಲಿ ಹುಟ್ಟಿದ. ಎಡಿನ್‌ಬರೋದಲ್ಲಿ ವೈದ್ಯಶಾಸ್ತ್ರ ಕಲಿತು 1794ರಲ್ಲಿ ಕುಂಪಣಿಯ ಚಾಕರಿ ಹಿಡಿದ. ಆದರೆ ಮೋಹವೆಲ್ಲ ಗಿಡಮೂಲಿಕೆಗಳ ಮೇಲೆ. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದಿತು. ಗೆದ್ದ ಸೀಮೆಯಲ್ಲಿ ಏನೇನಿದೆಯೆಂದು ತಿಳಿಯಲು ಗವರ್ನರ್ ಜನರಲ್ ವೆಲ್ಲೆಸ್ಲಿ ಇವನನ್ನು ಕಳಿಸಿದ. 1800ರ ಏಪ್ರಿಲಿನಲ್ಲಿ ಮದರಾಸು ಬಿಟ್ಟವನು ಮೈಸೂರು, ಮಲಬಾರು, ಕನ್ನಡ ಜಿಲ್ಲೆಗಳನ್ನು ಸುತ್ತಿ ಮರುವರ್ಷ ಹಿಂದಿರುಗಿದ.

ಯುದ್ಧದಿಂದ ನೊಂದ ಊರುಗಳು. ಉಳುವವರಿಲ್ಲದೆ ಬೀಳುಬಿದ್ದ ಹೊಲಗಳು. ಡೇರೆ ಹಾಕಿದಲ್ಲೆಲ್ಲ ಒಕ್ಕಲಿಗರನ್ನು ಕರೆಸಿ ಬಿತ್ತನೆ, ಗೊಬ್ಬರ, ಕಳೆ ತೆಗೆಯುವ ಕ್ರಮ ಎಲ್ಲವನ್ನೂ ವಿಚಾರಿಸುತ್ತಿದ್ದ. ರಾಗಿಹೊಲದಲ್ಲಿ ಎತ್ತು ಕಟ್ಟಿ ಕುಂಟೆ ಹೊಡೆದು ಪೈರನ್ನು ವಿರಳ ಮಾಡುವುದನ್ನು ಬರೆದುಕೊಂಡ. 'ಕುಂಟೆ' ಎಂಬ ಮಾತನ್ನೂ ಕಿವಿಗೆ ಬಿದ್ದಂತೆಯೇ ಇಂಗ್ಲಿಷಿನಲ್ಲಿ ಇಳಿಸಿದ. ಬಿತ್ತದೆ ಬೆಳೆಯುವ ತಂಗಡಿಯಂಥ ಪೊದೆಗೂ ಅವನ ಪುಸ್ತಕದಲ್ಲಿ ಸ್ಥಳ ಉಂಟು. ಉದ್ದೇಶ ಕಂದಾಯದ್ದೆಂಬುದನ್ನು ಮರೆಯಲಾಗದು. ನಮ್ಮ ರೈತನ ಮಾತನ್ನು ಅವನು ಸಂಶಯದಿಂದ ಕಂಡುದೂ ಉಂಟು. ಆದರೂ ಜಮಾಬಂದಿಯ ಗುಮಾಸ್ತನು ಬೀಳು ಎಂದು ಬರೆದು ಮುಗಿಸುವ ನೆಲವನ್ನು ಇವನು ಬಗ್ಗಿ ನೋಡಿದ.

ಇಂಥ ಹಳೆಯ ಪಟ್ಟಿಯ ಬೆಲೆ ಈಗ ಗೊತ್ತಾಗುತ್ತದೆ. ಊರಿಗೆ ಹೋಗುವಾಗ ರೈಲಿನ ಕಿಟಕಿಯಿಂದ ಮೈಲಿಗಟ್ಟಲೆ ಕಾಣುವ ಬಿಳಿ ಹೂವಿನ ಕಾಂಗ್ರೆಸ್ ಗಿಡ ಅವನ ಪುಸ್ತಕದಲ್ಲಿಲ್ಲ. ಅದು ಅಮೆರಿಕದ ಕಳೆ. ಪುಣೆಯಲ್ಲಿ ಜನರ ಕಣ್ಣಿಗೆ ಬಿದ್ದದ್ದು 1950ರ ದಶಕದಲ್ಲಿ.

1807ರಲ್ಲಿ ಪ್ರವಾಸದ ವೃತ್ತಾಂತ ಮೂರು ಸಂಪುಟಗಳಾಗಿ ಲಂಡನ್ನಿನಲ್ಲಿ ಅಚ್ಚಾಯಿತು. ಅದೇ ವರ್ಷ ಬಂಗಾಳದ ಸರ್ವೆ ಆರಂಭಿಸಿ ಏಳು ವರ್ಷ ಜಿಲ್ಲೆ ಜಿಲ್ಲೆ ಅಲೆದ. 1814ರಲ್ಲಿ ಕಲಕತ್ತೆಯ ಸಸ್ಯೋದ್ಯಾನದ ಮೇಲ್ವಿಚಾರಣೆ ದೊರೆಯಿತು. ಮರುವರ್ಷವೇ ಸ್ವದೇಶಕ್ಕೆ ಹೊರಟ. ಹೊರಡುವಾಗ, ತಾನು ಬರೆಸಿದ ಚಿತ್ರಗಳನ್ನು ಒಯ್ಯಲು ಗವರ್ನರ್ ಜನರಲ್ ಮೊಯಿರಾ ಒಪ್ಪಲಿಲ್ಲ; ಅವು ಸರಕಾರದ ಸೊತ್ತೆಂದು ಇಲ್ಲಿಯೇ ನಿಂತವು. ಇಪ್ಪತ್ತು ವರ್ಷ ದುಡಿದವನು ಬರಿಗೈಯಾದ ಆ ದಿನವನ್ನು ನೆನೆದರೆ, ಸಂಬಳದ ಗುಮಾಸ್ತನಾದ ನನಗೆ ಸಂಕಟವಾಗುತ್ತದೆ.

ತಾಯಿಯ ಕಡೆಯ ಆಸ್ತಿ ಬಂದು ಹ್ಯಾಮಿಲ್ಟನ್ ಎಂದು ಹೆಸರು ಬದಲಾಯಿಸಿಕೊಂಡು, 1829ರಲ್ಲಿ ತೀರಿಕೊಂಡ. ನಮ್ಮ ಮನೆಯ ಶ್ರೀಖಂಡದ ಮೇಲೆ ಉದುರಿಸುವ ಚಾರೋಳಿಯ ಮರಕ್ಕೆ ಶಾಸ್ತ್ರಜ್ಞರು ಇಟ್ಟ ಹೆಸರು ಬುಕನಾನಿಯ.