ಬರ್ಟ್ ಮನ್ರೋ

ಹರ್ಬರ್ಟ್ ಜೇಮ್ಸ್ ಮನ್ರೋ (25 ಮಾರ್ಚ್ 1899 – 6 ಜನವರಿ 1978) ನ್ಯೂಜಿಲೆಂಡಿನ ಮೋಟಾರ್‌ಸೈಕಲ್ ಸ್ಪರ್ಧಿ ಹಾಗೂ ಎಂಜಿನ್ ಸುಧಾರಕರು. ಬರ್ಟ್ ಮನ್ರೋ ಎಂದೇ ಪ್ರಸಿದ್ಧರಾದ ಇವರು 1920ರಲ್ಲಿ ಕೊಂಡ ಒಂದೇ ಇಂಡಿಯನ್ ಸ್ಕೌಟ್ ಮೋಟಾರ್‌ಸೈಕಲ್ಲಿನ ಎಂಜಿನ್ನನ್ನು ದಶಕಗಳ ಕಾಲ ಮಾರ್ಪಡಿಸುತ್ತ ಬಂದು, ಅಮೆರಿಕದ ಬೊನೆವಿಲ್ ಉಪ್ಪಿನ ಬಯಲಿನಲ್ಲಿ ವೇಗದ ದಾಖಲೆಗಳನ್ನು ಸ್ಥಾಪಿಸಿದರು.

ಆರಂಭಿಕ ಜೀವನ

ಮನ್ರೋ ಅವರು ನ್ಯೂಜಿಲೆಂಡಿನ ದಕ್ಷಿಣ ತುದಿಯಲ್ಲಿರುವ ಇನ್ವರ್‌ಕಾರ್ಗಿಲ್‌ನಲ್ಲಿ ಜನಿಸಿದರು. ಅವರ ಅವಳಿ ಸಹೋದರಿ ಹುಟ್ಟುವಾಗಲೇ ತೀರಿಕೊಂಡಳು. ಬಾಲ್ಯವನ್ನು ಕುಟುಂಬದ ಹೊಲಮನೆಯಲ್ಲಿ ಕಳೆದ ಅವರು ಮುಂದೆ ಮೋಟಾರ್‌ಸೈಕಲ್ ಮಾರಾಟಗಾರರಾಗಿ ಮತ್ತು ಮೆಕ್ಯಾನಿಕ್ ಆಗಿ ಜೀವನ ಸಾಗಿಸಿದರು. 1927ರಲ್ಲಿ ವಿವಾಹವಾದ ಅವರಿಗೆ ನಾಲ್ವರು ಮಕ್ಕಳು. ಈ ದಾಂಪತ್ಯ 1947ರಲ್ಲಿ ವಿಚ್ಛೇದನದಲ್ಲಿ ಕೊನೆಗೊಂಡಿತು.

ಇಂಡಿಯನ್ ಸ್ಕೌಟ್

ಇಂಡಿಯನ್ ಎಂಬುದು ಅಮೆರಿಕದ ಸ್ಪ್ರಿಂಗ್‌ಫೀಲ್ಡ್‌ನಲ್ಲಿದ್ದ ತಯಾರಿಕಾ ಸಂಸ್ಥೆಯ ಹೆಸರು. ಅದು ಭಾರತವನ್ನಲ್ಲ, ಅಮೆರಿಕದ ಮೂಲನಿವಾಸಿಗಳನ್ನು ಸೂಚಿಸುತ್ತದೆ. ಸ್ಕೌಟ್ ಹೆಸರಿನಲ್ಲಿ ಇಂದಿಗೂ ಕ್ರೂಸರ್ ಮೋಟಾರ್‌ಸೈಕಲ್ಲುಗಳು ತಯಾರಾಗುತ್ತಿವೆ. ಮನ್ರೋ ಕೊಂಡ ವಾಹನದಲ್ಲಿ ವಿ ಆಕಾರದಲ್ಲಿ ಜೋಡಿಸಿದ ಎರಡು ಸಿಲಿಂಡರುಗಳ, ಸುಮಾರು 600 ಸಿಸಿ ಸಾಮರ್ಥ್ಯದ ಎಂಜಿನ್ ಇತ್ತು. ಅದರ ಗರಿಷ್ಠ ವೇಗ ಗಂಟೆಗೆ ಸುಮಾರು 89 ಕಿ.ಮೀ.

ಎಂಜಿನ್ನಿನ ಮಾರ್ಪಾಡುಗಳು

ಮನ್ರೋ 1926ರಲ್ಲಿ ಎಂಜಿನ್ನನ್ನು ಬದಲಾಯಿಸಲು ಆರಂಭಿಸಿದರು. ಬಿಡಿಭಾಗಗಳನ್ನು ಕೊಳ್ಳುವಷ್ಟು ಹಣವಿಲ್ಲದ ಕಾರಣ, ರಾತ್ರಿಯಿಡೀ ಕೆಲಸ ಮಾಡಿ ಅವನ್ನು ತಾವೇ ತಯಾರಿಸಿಕೊಳ್ಳುತ್ತಿದ್ದರು. ಹಳೆಯ ಡಬ್ಬಿಗಳನ್ನೇ ಅಚ್ಚಾಗಿಸಿ ಎರಕ ಹೊಯ್ಯುತ್ತಿದ್ದರು. ಪಿಸ್ಟನ್, ಸಿಲಿಂಡರ್ ಹಾಗೂ ಫ್ಲೈವೀಲ್‌ಗಳು ಅವರ ಕೈಯಲ್ಲೇ ರೂಪುಗೊಂಡವು. ಹಳೆಯ ಚಕ್ರದ ಕಡ್ಡಿಯೊಂದು ಅವರ ಅಳತೆಯ ಸಾಧನವಾಗಿತ್ತು.

ಮೂಲ ಎಂಜಿನ್ನಿನಲ್ಲಿ ಕವಾಟಗಳು ಸಿಲಿಂಡರಿನ ಪಕ್ಕದಲ್ಲಿದ್ದುದರಿಂದ ಇಂಧನ ಮಿಶ್ರಣವು ತಿರುವಿನ ದಾರಿಯಲ್ಲಿ ಒಳಸೇರಬೇಕಾಗಿತ್ತು. ಮನ್ರೋ ಕವಾಟಗಳನ್ನು ಸಿಲಿಂಡರಿನ ಮೇಲ್ಭಾಗಕ್ಕೆ ತಂದರು. ಇಂತಹ ವ್ಯವಸ್ಥೆಯಲ್ಲಿ ಮಿಶ್ರಣ ಸರಾಗವಾಗಿ ಹರಿಯುತ್ತದೆ, ಸಂಕೋಚನವನ್ನೂ ಹೆಚ್ಚಿಸಬಹುದು. ಆದರೆ ಶಕ್ತಿ ಹೆಚ್ಚಿದಂತೆ ಪಿಸ್ಟನ್, ಕನೆಕ್ಟಿಂಗ್ ರಾಡ್ ಮತ್ತು ಚೈನುಗಳ ಮೇಲಿನ ಹೊರೆಯೂ ಹೆಚ್ಚುತ್ತದೆ. ಹೀಗಾಗಿ ಒಂದು ಭಾಗದ ಸುಧಾರಣೆ ಇನ್ನೊಂದರ ದೌರ್ಬಲ್ಯವನ್ನು ಹೊರಗೆಡಹುತ್ತಿತ್ತು. ಒಡೆದುಹೋದ ಭಾಗಗಳನ್ನು ಅವರು ಎಸೆಯದೆ, ವೇಗದೇವತೆಗೆ ಸಲ್ಲಿಸಿದ ಕಾಣಿಕೆಗಳೆಂದು ಕಾರ್ಯಾಗಾರದ ಕಪಾಟಿನಲ್ಲಿ ಜೋಡಿಸಿಡುತ್ತಿದ್ದರು. ಕೊನೆಯ ಹಂತದಲ್ಲಿ ಎಂಜಿನ್ನಿನ ಸಾಮರ್ಥ್ಯ 950 ಸಿಸಿ ತಲುಪಿತ್ತು. ಶಕ್ತಿಯನ್ನು ಮೂರು ಚೈನುಗಳ ವ್ಯವಸ್ಥೆ ಸಾಗಿಸುತ್ತಿತ್ತು.

ದಾಖಲೆಗಳು

1938ರಲ್ಲಿ ಮನ್ರೋ ನ್ಯೂಜಿಲೆಂಡಿನಲ್ಲಿ ತಮ್ಮ ಮೊದಲ ವೇಗದ ದಾಖಲೆ ಸ್ಥಾಪಿಸಿದರು. 1950ರ ದಶಕದ ಕೊನೆಯಲ್ಲಿ ಹೃದಯಶೂಲೆ ಕಾಣಿಸಿಕೊಂಡರೂ ಸ್ಪರ್ಧೆಯನ್ನು ಬಿಡಲಿಲ್ಲ. ಯೂಟಾ ರಾಜ್ಯದ ಬೊನೆವಿಲ್‌ನಲ್ಲಿ 1962ರಲ್ಲಿ ಗಂಟೆಗೆ 288 ಕಿ.ಮೀ. ವೇಗದೊಂದಿಗೆ 883 ಸಿಸಿ ವರ್ಗದ ದಾಖಲೆ ಮಾಡಿದರು. 1966ರಲ್ಲಿ ಇನ್ನೊಂದು ದಾಖಲೆ ಸೇರಿತು.

26 ಆಗಸ್ಟ್ 1967ರಂದು, ತಮ್ಮ 68ನೆಯ ವಯಸ್ಸಿನಲ್ಲಿ, 47 ವರ್ಷ ಹಳೆಯ ವಾಹನದಲ್ಲಿ 1000 ಸಿಸಿಗಿಂತ ಕಡಿಮೆ ಸಾಮರ್ಥ್ಯದ ವರ್ಗದ ದಾಖಲೆಯನ್ನು ಸಾಧಿಸಿದರು. ಆಗ ದಾಖಲಾದ ವೇಗ ಗಂಟೆಗೆ 295.453 ಕಿ.ಮೀ. ಅರ್ಹತಾ ಓಟವೊಂದರಲ್ಲಿ ಅವರು 305.89 ಕಿ.ಮೀ. ವೇಗ ಮುಟ್ಟಿದ್ದರು, ಆದರೆ ದಾಖಲೆಗೆ ಎರಡೂ ದಿಕ್ಕುಗಳ ಓಟದ ಸರಾಸರಿಯನ್ನು ಪರಿಗಣಿಸಲಾಗುತ್ತದೆ. ಲೆಕ್ಕಾಚಾರದಲ್ಲಿದ್ದ ದೋಷವನ್ನು ಅವರ ಮಗ ಗುರುತಿಸಿದ ನಂತರ, 2014ರಲ್ಲಿ ಅಮೆರಿಕನ್ ಮೋಟಾರ್‌ಸೈಕ್ಲಿಸ್ಟ್ ಅಸೋಸಿಯೇಷನ್ ಈ ದಾಖಲೆಯನ್ನು 296.2593 ಕಿ.ಮೀ. ಎಂದು ತಿದ್ದಿತು.

ಕೊನೆಯ ವರ್ಷಗಳು ಮತ್ತು ಸ್ಮರಣೆ

1977ರಲ್ಲಿ ಪಾರ್ಶ್ವವಾಯುವಿಗೆ ತುತ್ತಾದ ಮನ್ರೋ, ತಮ್ಮ ಮೋಟಾರ್‌ಸೈಕಲ್ಲುಗಳು ಊರಿನ ಸೀಮೆಯಲ್ಲೇ ಉಳಿಯಲೆಂದು ಅವನ್ನು ಸ್ಥಳೀಯ ವ್ಯಾಪಾರಿಗೆ ಮಾರಿದರು. ಮರುವರ್ಷ ಜನವರಿಯಲ್ಲಿ ನಿಧನರಾದರು. ನಿರ್ದೇಶಕ ರೋಜರ್ ಡೊನಾಲ್ಡ್‌ಸನ್ 1971ರಲ್ಲಿ ಅವರ ಕುರಿತು ಸಾಕ್ಷ್ಯಚಿತ್ರವನ್ನೂ, 2005ರಲ್ಲಿ ಆಂಥನಿ ಹಾಪ್ಕಿನ್ಸ್ ಅಭಿನಯದ ದಿ ವರ್ಲ್ಡ್ಸ್ ಫಾಸ್ಟೆಸ್ಟ್ ಇಂಡಿಯನ್ ಚಲನಚಿತ್ರವನ್ನೂ ನಿರ್ಮಿಸಿದರು. 2006ರಲ್ಲಿ ಮನ್ರೋ ಅವರ ಹೆಸರು ಅಮೆರಿಕದ ಮೋಟಾರ್‌ಸೈಕಲ್ ಗೌರವ ಪಟ್ಟಿಗೆ ಸೇರಿತು.