ಋತುಗಳನ್ನು ಕೊಠಡಿಗೆ ತಂದ ಸಸ್ಯಶಾಸ್ತ್ರಜ್ಞ ಫ್ರಿಟ್ಸ್ ವೆಂಟ್

ಬಿತ್ತಿದ ಬೀಜ ಮೊಳೆಯದಿದ್ದಾಗ ಬೇಸಾಯಗಾರನು ಒಮ್ಮೆ ಮಳೆಯನ್ನು, ಒಮ್ಮೆ ಮಣ್ಣನ್ನು, ಮತ್ತೊಮ್ಮೆ ಬಿಸಿಲನ್ನು ದೂರುವುದುಂಟು. ಹೊಲದಲ್ಲಿ ಇವೆಲ್ಲವೂ ಏಕಕಾಲದಲ್ಲಿ ಬೆರೆತು ಬರುವುದರಿಂದ ಯಾವುದರ ಪಾಲು ಎಷ್ಟೆಂದು ಅರಿಯುವುದು ದುಸ್ಸಾಧ್ಯ. ಈ ತೊಡಕನ್ನು ಬಿಡಿಸಲು ಬಾಳನ್ನು ಮುಡಿಪಾಗಿಟ್ಟ ಮಹನೀಯರಲ್ಲಿ ಫ್ರಿಟ್ಸ್ ವೆಂಟ್ ಅವರು ಅಗ್ರಗಣ್ಯರು.

ವೆಂಟ್ ಅವರು 1903ರಲ್ಲಿ ಹಾಲೆಂಡಿನ ಉಟ್ರೆಕ್ಟ್ ನಗರದಲ್ಲಿ ಜನಿಸಿದರು. ತಂದೆಯವರೂ ಖ್ಯಾತ ಸಸ್ಯಶಾಸ್ತ್ರಜ್ಞರು. ತಾರುಣ್ಯದಲ್ಲಿಯೇ ಓಟ್ ಧಾನ್ಯದ ಎಳೆಮೊಳಕೆಗಳ ತುದಿಯನ್ನು ಕತ್ತರಿಸಿ ಪರೀಕ್ಷಿಸುತ್ತ, ಬೆಳವಣಿಗೆಯನ್ನು ಪ್ರಚೋದಿಸುವ ಆಕ್ಸಿನ್ ಎಂಬ ದ್ರವ್ಯದ ಇರವನ್ನು ತೋರಿಸಿದರು. ಆ ಪ್ರಬಂಧವು 1928ರಲ್ಲಿ ಪ್ರಕಟವಾಗಿ ಅವರಿಗೆ ಕೀರ್ತಿಯನ್ನು ತಂದಿತು. ಅನಂತರ ಕೆಲಕಾಲ ಜಾವಾದ್ವೀಪದಲ್ಲಿದ್ದು, 1933ರಲ್ಲಿ ಅಮೆರಿಕದ ಕ್ಯಾಲಿಫೋರ್ನಿಯಾ ತಂತ್ರವಿದ್ಯಾ ಸಂಸ್ಥೆಯನ್ನು ಸೇರಿದರು.

ಅಲ್ಲಿ ಅವರು ಹವೆಯನ್ನು ಹತೋಟಿಯಲ್ಲಿಟ್ಟ ಗಾಜಿನ ಮನೆಗಳಲ್ಲಿ ಟೊಮೇಟೊ ಗಿಡಗಳನ್ನು ಬೆಳೆಸಿದರು. ಹಗಲು ಸುಮಾರು 26 ಡಿಗ್ರಿ ಸೆಲ್ಸಿಯಸ್ ಬೆಚ್ಚಗಿದ್ದು, ಇರುಳು ಅದಕ್ಕಿಂತ ತಂಪಾಗಿದ್ದರೆ ಗಿಡವು ಚೆನ್ನಾಗಿ ಕಾಯಿ ಕಚ್ಚುವುದೆಂದು 1944ರ ಲೇಖನಗಳಲ್ಲಿ ನಿರೂಪಿಸಿದರು. ಹಗಲಿರುಳುಗಳ ಶಾಖದ ಅಂತರವೂ ಗಿಡದ ಮೇಲೆ ಪ್ರಭಾವ ಬೀರುವುದೆಂದು ಇದರಿಂದ ಅವರು ತೀರ್ಮಾನಿಸಿದರು.

ಉದ್ಯಮಿ ಹ್ಯಾರಿ ಇಯರ್ಹಾರ್ಟ್ ಅವರ ಔದಾರ್ಯದಿಂದ 1949ರಲ್ಲಿ ಪಾಸಡೀನಾ ನಗರದಲ್ಲಿ ದೊಡ್ಡದೊಂದು ಪ್ರಯೋಗಾಲಯವು ಆರಂಭವಾಯಿತು. ಸೈಕ್ಲೋಟ್ರಾನ್ ಎಂಬ ಭೌತಯಂತ್ರದ ಹೆಸರನ್ನು ನೆನಪಿಸುವಂತೆ ಅದನ್ನು ಫೈಟೋಟ್ರಾನ್ ಎಂದು ಕರೆದರು. ಒಂದೊಂದು ಕೊಠಡಿಗೂ ಒಂದೊಂದು ಹವೆ. ಬೆಳಕು, ಶಾಖ, ತೇವ ಎಲ್ಲವೂ ನಿಯತ. ಗಾಲಿಯುಳ್ಳ ಬಂಡಿಗಳ ಮೇಲಿನ ಗಿಡಗಳನ್ನು ಕೊಠಡಿಯಿಂದ ಕೊಠಡಿಗೆ ಸಾಗಿಸಿದರೆ ಹಗಲು ಕಳೆದು ಇರುಳಾಗುತ್ತಿತ್ತು, ಬೇಸಗೆ ಕಳೆದು ಚಳಿಗಾಲ ಬರುತ್ತಿತ್ತು. ನಗರದ ಹೊಗೆಮಂಜು ಗಿಡಗಳನ್ನು ಕೆಡಿಸದಂತೆ ಗಾಳಿಯನ್ನು ಸೋಸಿ ಒಳಗೆ ಬಿಡುತ್ತಿದ್ದರು.

ಮರುಭೂಮಿಯ ಮಣ್ಣನ್ನು ಕುರಿತ ಪ್ರಯೋಗವು ಅತ್ಯಂತ ಮನೋಹರವಾದುದು. ಬೀಜಗಳು ಸುಪ್ತವಾಗಿದ್ದ ಮಣ್ಣನ್ನು ತಂದು ಹರಡಿ, ವೆಂಟ್ ಅವರು ಅದರ ಮೇಲೆ ಕೃತಕ ಮಳೆಯನ್ನು ಸುರಿಸಿದರು. ಬೆಚ್ಚಗಿನ ಮಣ್ಣಿನಲ್ಲಿ ಬೇಸಗೆಯ ಸಸ್ಯಗಳೂ ತಣ್ಣನೆಯ ಮಣ್ಣಿನಲ್ಲಿ ಚಳಿಗಾಲದ ಸಸ್ಯಗಳೂ ಮೊಳೆತವು. ತುಂತುರು ಮಳೆಗೆ ಬೀಜ ಎಚ್ಚರಗೊಳ್ಳಲಿಲ್ಲ. ಅರ್ಧ ಅಂಗುಲಕ್ಕೆ ಮೀರಿದ ಮಳೆ ಬೇಕಾಯಿತು. ಕೆಳಗಿನಿಂದ ನೀರೂಡಿಸಿ ಮಣ್ಣನ್ನು ನೆನೆಸಿದರೂ ಫಲವಿಲ್ಲ. ಬೀಜದಲ್ಲಿ ಮೊಳಕೆಯನ್ನು ತಡೆಯುವ ದ್ರವ್ಯವಿದ್ದು, ಮೇಲಿಂದ ಇಳಿದ ನೀರು ಅದನ್ನು ತೊಳೆದ ಮೇಲೆಯೇ ಅಂಕುರವೆಂದು ಅವರು ವಿವರಿಸಿದರು. ಬಾಳಲು ಸಾಲದ ತೇವಕ್ಕೆ ಮರುಳಾಗದ ಈ ತಾಳ್ಮೆಯೇ ಆ ಸಸ್ಯಕುಲವನ್ನು ಕಾಪಾಡಿತು.

1958ರಲ್ಲಿ ಅವರು ಮಿಸೌರಿ ಸಸ್ಯೋದ್ಯಾನದ ನಿರ್ದೇಶಕರಾದರು. ಗುಮ್ಮಟದಾಕಾರದ ಕ್ಲೈಮೆಟ್ರಾನ್ ಎಂಬ ಸಸ್ಯಗೃಹವು 1960ರಲ್ಲಿ ಅಲ್ಲಿ ತೆರೆಯಿತು. ಆಮೇಲೆ ನೆವಾಡದ ಮರುಭೂಮಿ ಸಂಶೋಧನಾ ಸಂಸ್ಥೆಯಲ್ಲಿ ದುಡಿದು, 1990ರಲ್ಲಿ ಕಾಲವಶರಾದರು.

ಪಾಸಡೀನಾದ ಫೈಟೋಟ್ರಾನ್ 1972ರಲ್ಲಿ ನೆಲಸಮವಾಯಿತು. ಆದರೆ ಹಲವು ಕಾರಣಗಳಲ್ಲಿ ಒಂದನ್ನು ಮಾತ್ರ ಬದಲಿಸಿ, ಉಳಿದವನ್ನು ಸ್ಥಿರವಾಗಿಟ್ಟು, ಉತ್ತರಕ್ಕಾಗಿ ಕಾಯುವ ಶಿಸ್ತು ಅಳಿಯಲಿಲ್ಲ. ಕಟ್ಟಡವು ದಾನಿಗಳ ಕೊಡುಗೆ. ಪ್ರಶ್ನಿಸುವ ಬುದ್ಧಿ ಸಾಧಕರ ಗಳಿಕೆ. ಇವೆರಡೂ ಕೂಡಿದಲ್ಲಿಯೇ ವಿದ್ಯೆಯು ಫಲಿಸುತ್ತದೆ.