ಉದ್ಯೋಗಕ್ಕೆ ವಿದ್ಯೆ, ಬದುಕಿಗೆ ಮನಸ್ಸಾಕ್ಷಿ

ಪರೀಕ್ಷಾ ಫಲಿತಾಂಶಗಳು ಪ್ರಕಟವಾಗುವ ದಿನಗಳಲ್ಲಿ ಹೆತ್ತವರು ಮಕ್ಕಳೊಡನೆ ಗುರುಗಳ ನಿವಾಸಕ್ಕೆ ಬರುವುದುಂಟು. ಯಾವ ಕಾಲೇಜಿಗೆ ಸೇರಿಸಿದರೆ ಬೇಗನೆ ಉದ್ಯೋಗ ದೊರಕೀತು ಎಂಬುದೇ ಅವರ ಮೊದಲ ಪ್ರಶ್ನೆ. ಅದು ತಪ್ಪಲ್ಲ, ಸಾಲ ಮಾಡಿ ಓದಿಸುವ ಕುಟುಂಬಕ್ಕೆ ಅನಿವಾರ್ಯವೂ ಹೌದು. ಆದರೆ ಅದೊಂದೇ ಪ್ರಶ್ನೆಯಾಗಿ ಉಳಿದಾಗ ನಾವು ಕಳೆದುಕೊಳ್ಳುವುದೇನು? ಸಂತ ಜಾನ್ ಹೆನ್ರಿ ನ್ಯೂಮನ್ ಅವರ ಜೀವನ ಈ ಕುರಿತು ನಮಗೆ ದಾರಿ ತೋರಬಲ್ಲದು.

ನ್ಯೂಮನ್ 1801ರ ಫೆಬ್ರವರಿ 21ರಂದು ಲಂಡನ್ನಿನಲ್ಲಿ, ಬ್ಯಾಂಕ್ ವ್ಯವಹಾರಸ್ಥರೊಬ್ಬರ ಹಿರಿಯ ಮಗನಾಗಿ ಜನಿಸಿದರು. 1816ರಲ್ಲಿ ತಂದೆಯ ಬ್ಯಾಂಕ್ ಮುಚ್ಚಿತು. ಸುಖವಾಗಿದ್ದ ಮನೆಗೆ ಕಷ್ಟದ ದಿನಗಳು ಬಂದವು. ಮಗ ವಕೀಲನಾಗಲೆಂಬುದು ತಂದೆಯ ಹಂಬಲ. ಆಕ್ಸ್‌ಫರ್ಡಿನಲ್ಲಿ ಹಗಲಿರುಳೆನ್ನದೆ ಓದಿದ ಮಗ ಅತಿಶ್ರಮದಿಂದ ಕುಗ್ಗಿ, 1820ರ ಅಂತಿಮ ಪರೀಕ್ಷೆಯಲ್ಲಿ ತೀರಾ ಕೆಳಗಿನ ಸ್ಥಾನ ಪಡೆದರು. ಆದರೂ ಎದೆಗುಂದಲಿಲ್ಲ. ಎರಡೇ ವರ್ಷಗಳಲ್ಲಿ, 1822ರಲ್ಲಿ, ಪ್ರಖ್ಯಾತವಾದ ಓರಿಯಲ್ ಕಾಲೇಜು ಅವರನ್ನು ತನ್ನ ವಿದ್ವಾಂಸರ ಸಾಲಿಗೆ ಸೇರಿಸಿಕೊಂಡಿತು.

1826ರಲ್ಲಿ ಅಲ್ಲಿಯೇ ಬೋಧಕರಾದ ಅವರು ಪಾಠ ಹೇಳುವುದಷ್ಟಕ್ಕೇ ತಮ್ಮ ಹೊಣೆಯನ್ನು ಸೀಮಿತಗೊಳಿಸಲಿಲ್ಲ. ವಿದ್ಯಾರ್ಥಿಯ ನಡತೆಯೂ ಆತ್ಮದ ಕ್ಷೇಮವೂ ಬೋಧಕನ ಹೊಣೆಯೆಂದು ಅವರು ನಂಬಿದ್ದರು. ಕಾಲೇಜಿನ ಮುಖ್ಯಸ್ಥರು ಇದನ್ನು ಒಪ್ಪದೆ, ಅವರ ಬಳಿಗೆ ಹೊಸ ವಿದ್ಯಾರ್ಥಿಗಳನ್ನು ಕಳುಹಿಸುವುದನ್ನೇ ನಿಲ್ಲಿಸಿದರು. ನ್ಯೂಮನ್ ಹುದ್ದೆ ಕಳೆದುಕೊಂಡರು, ನಿಲುವನ್ನು ಬಿಡಲಿಲ್ಲ. ಅಂದು ಆಂಗ್ಲಿಕನ್ ಯಾಜಕರಾಗಿದ್ದ ಅವರು ದೀರ್ಘಕಾಲದ ಅಧ್ಯಯನ, ಪ್ರಾರ್ಥನೆಗಳ ಬಳಿಕ 1845ರ ಅಕ್ಟೋಬರ್ 9ರಂದು ಕಥೋಲಿಕ ಧರ್ಮಸಭೆಯನ್ನು ಸೇರಿದರು. 1847ರಲ್ಲಿ ರೋಮಿನಲ್ಲಿ ಗುರುದೀಕ್ಷೆ ಪಡೆದರು.

1851ರಲ್ಲಿ ಐರ್ಲೆಂಡಿನ ಮಹಾಧರ್ಮಾಧ್ಯಕ್ಷ ಪೌಲ್ ಕಲೆನ್ ಅವರು ಡಬ್ಲಿನ್ ನಗರದಲ್ಲೊಂದು ಕಥೋಲಿಕ ವಿಶ್ವವಿದ್ಯಾನಿಲಯವನ್ನು ಕಟ್ಟಲು ನ್ಯೂಮನ್ ಅವರನ್ನು ಕರೆದರು. ಹಣ ತರುವ ವಿದ್ಯೆಯೇ ವಿದ್ಯೆ ಎಂಬ ವಾದ ಅಂದೂ ಪ್ರಬಲವಾಗಿತ್ತು. 1852ರ ಉಪನ್ಯಾಸಗಳಲ್ಲಿ ನ್ಯೂಮನ್ ಅದನ್ನು ವಿಮರ್ಶಿಸಿದರು. ಬುದ್ಧಿಯ ಪರಿಪಾಕ ತನ್ನಷ್ಟಕ್ಕೇ ಒಳ್ಳೆಯದು. ಹಾಗೆ ಪಳಗಿದ ಬುದ್ಧಿ ಯಾವ ವೃತ್ತಿಯಲ್ಲಿಯೂ ಸಾರ್ಥಕವಾದೀತು ಎಂದು ಪ್ರತಿಪಾದಿಸಿದರು. ಅದೇ ಉಸಿರಿನಲ್ಲಿ ಇನ್ನೊಂದು ಎಚ್ಚರವನ್ನೂ ನೀಡಿದರು: ಪಾಂಡಿತ್ಯವು ಸದ್ಗುಣವಲ್ಲ, ವ್ಯವಹಾರವಿವೇಕವು ಮನಸ್ಸಾಕ್ಷಿಯಲ್ಲ.

ಹಾಗೆಂದು ಅವರು ವೃತ್ತಿಶಿಕ್ಷಣವನ್ನು ಕಡೆಗಣಿಸಿದರೆ? ಇಲ್ಲ. ವಿಶ್ವವಿದ್ಯಾನಿಲಯವು 1854ರ ನವೆಂಬರ್ 3ರಂದು ತೆರೆಯಿತು. ಮರುವರ್ಷವೇ ಸಿಸಿಲಿಯಾ ಬೀದಿಯಲ್ಲಿ ವೈದ್ಯಕೀಯ ಶಾಲೆ ಆರಂಭವಾಯಿತು. ವಿದ್ಯಾರ್ಥಿಗಳು ಗುರುಗಳೊಡನೆ ವಾಸಿಸುವ ಚಿಕ್ಕ ನಿವಾಸಗಳನ್ನು ಅವರು ಏರ್ಪಡಿಸಿದರು. ಅಂಥ ಒಂದು ನಿವಾಸವನ್ನು ಸ್ವತಃ ನಡೆಸಿದರು. 1856ರಲ್ಲಿ ವಿಶ್ವವಿದ್ಯಾನಿಲಯಕ್ಕೆಂದೇ ದೇವಾಲಯವನ್ನೂ ಕಟ್ಟಿಸಿದರು. 1858ರಲ್ಲಿ ವೈದ್ಯ ವಿದ್ಯಾರ್ಥಿಗಳಿಗೆಂದೇ ಒಂದು ಉಪನ್ಯಾಸವನ್ನು ಸಿದ್ಧಪಡಿಸಿದರು. ಶರೀರದ ಆರೋಗ್ಯ ದೊಡ್ಡದು, ಆದರೆ ಮನುಷ್ಯನಿಗೆ ಅದೇ ಪರಮಗುರಿಯಲ್ಲ. ವೈದ್ಯಶಾಸ್ತ್ರವು ತನಗಿಂತ ಮೇಲಿನ ಧರ್ಮಕ್ಕೆ ತಲೆಬಾಗಬೇಕು ಎಂಬುದು ಅದರ ಸಾರ.

ಲೋಕದ ಲೆಕ್ಕದಲ್ಲಿ ಈ ಸಾಹಸ ಗೆಲ್ಲಲಿಲ್ಲ. ಪದವಿ ನೀಡಲು ಸರಕಾರದ ಮನ್ನಣೆ ಇರಲಿಲ್ಲ, ವಿದ್ಯಾರ್ಥಿಗಳು ವಿರಳ, ಧರ್ಮಾಧ್ಯಕ್ಷರಲ್ಲಿಯೂ ಒಮ್ಮತವಿರಲಿಲ್ಲ. 1858ರಲ್ಲಿ ನ್ಯೂಮನ್ ರಾಜೀನಾಮೆ ನೀಡಿದರು. ಆದರೆ ಆ ವೈದ್ಯಕೀಯ ಶಾಲೆ ಉಳಿದು ಬೆಳೆಯಿತು. ಮುಂದೆ ಡಬ್ಲಿನ್ನಿನ ಯೂನಿವರ್ಸಿಟಿ ಕಾಲೇಜಿನಲ್ಲಿ ಲೀನವಾಯಿತು. ಕೇವಲ ಆದರ್ಶವಾದಿಯೆಂದು ಕೆಲವರು ಭಾವಿಸುವ ವ್ಯಕ್ತಿಯ ಕೈಯಿಂದ ಬದುಕಿ ಉಳಿದದ್ದು ವೈದ್ಯರನ್ನು ತಯಾರಿಸಿದ ಶಾಲೆ ಎಂಬುದು ಮನನಯೋಗ್ಯ.

1879ರಲ್ಲಿ ಜಗದ್ಗುರು ಹದಿಮೂರನೆಯ ಲಿಯೋ ಅವರು ನ್ಯೂಮನ್‌ರನ್ನು ಕಾರ್ಡಿನಲರನ್ನಾಗಿ ಮಾಡಿದರು. 1890ರ ಆಗಸ್ಟ್ 11ರಂದು ಬರ್ಮಿಂಗ್‌ಹ್ಯಾಮಿನಲ್ಲಿ ಅವರು ದೈವಾಧೀನರಾದರು. 2019ರ ಅಕ್ಟೋಬರ್ 13ರಂದು ಸಂತರೆಂದೂ, 2025ರ ನವೆಂಬರ್ 1ರಂದು ಧರ್ಮಸಭೆಯ ಆಚಾರ್ಯರೆಂದೂ ಘೋಷಿತರಾದರು.

ಪ್ರಿಯ ಹೆತ್ತವರೇ, ಮಗ ಇಂಜಿನಿಯರಾಗಲಿ, ಮಗಳು ವೈದ್ಯೆಯಾಗಲಿ; ಅದಕ್ಕೆ ಬೇಕಾದ ನೈಪುಣ್ಯವನ್ನು ಪೂರ್ಣವಾಗಿ ಕಲಿಯಲಿ. ಅರೆಬರೆ ಕಲಿತ ವೈದ್ಯನ ಭಕ್ತಿಯಿಂದ ರೋಗಿ ಗುಣವಾಗನು. ಆದರೆ ಲಂಚದ ಕಾಗದ, ಸುಳ್ಳು ವರದಿ, ಅನಗತ್ಯ ಶಸ್ತ್ರಚಿಕಿತ್ಸೆ ಮುಂದೊಂದು ದಿನ ಎದುರಾದಾಗ ಅವರ ಕೈಯನ್ನು ತಡೆಯುವುದು ಅಂಕಪಟ್ಟಿಯಲ್ಲ. ಆದುದರಿಂದ ಕಾಲೇಜನ್ನು ಆರಿಸುವಾಗ ಇನ್ನೊಂದು ಪ್ರಶ್ನೆಯನ್ನೂ ಕೇಳೋಣ: ಇಲ್ಲಿ ನನ್ನ ಮಗು ಎಂಥ ಮನುಷ್ಯನಾದೀತು?